ಉಸಿರಾಡುವ ಹಸು

"ಇವತ್ತು ಯಾರ ಮನೆಗೆ ಹೋಗಿತ್ತೋ ಇದು?" ಎಂದು ಕೇಳುತ್ತಾ ಪುರೋಹಿತನ ತಾಯಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗಿನ ಹತ್ತಿ ನೆನೆದು ಮುದ್ದೆಯಾಗಿತ್ತು. ಅದರ ಮೇಲೆ ಅಂಗೈಯಗಲದ ಬೆಳ್ಳಿ ಹಸು ಕೊರಳವರೆಗೂ ಒದ್ದೆಯಾಗಿ ನಿಂತಿತ್ತು.

"ಹಿಂದಿನ ಬೀದಿ ದರ್ಜಿಯ ಅಪ್ಪ ತೀರಿಹೋದ್ನಲ್ಲ, ಅಲ್ಲಿಗೆ. ಧಾರೆ ಎರೆದ ನೀರು ಬಿದ್ದಿರುತ್ತೆ ಬಿಡಮ್ಮ," ಎಂದ ಪುರೋಹಿತ, ಶಲ್ಯ ಮಡಚಿಡುತ್ತಾ.

"ಧಾರೆ ನೀರು ಕೆಸರು ವಾಸನೆ ಹೊಡೆಯುತ್ತೇನೋ?"

ಅವನು ನಕ್ಕುಬಿಟ್ಟ. ಸತ್ತವರು ದಾನ ಕೊಟ್ಟ ಹಸುವಿನ ಬಾಲ ಹಿಡಿದು ವೈತರಣಿ ನದಿ ದಾಟುತ್ತಾರೆ ಎನ್ನುವುದು ನಂಬಿಕೆ. ಆದರೆ ನಾಲ್ಕನೇ ಮಹಡಿಗೆ ಹಸು ಹತ್ತಿಸುವವರು ಯಾರು? ಅದಕ್ಕೇ ಪುರೋಹಿತ ಈ ಬೆಳ್ಳಿಯದನ್ನು ತಾನೇ ಒಯ್ದು, ಮನೆಯವರ ಕೈಗಿಟ್ಟು, ಮಂತ್ರ ಹೇಳಿಸಿ, ದಾನವೆಂದು ತಾನೇ ತೆಗೆದುಕೊಂಡು ವಾಪಸು ತರುತ್ತಿದ್ದ. ಹದಿನೆಂಟು ವರ್ಷ, ಒಂದೇ ಹಸು! ಯಾರಾದರೂ ಮೂಗು ಮುರಿದರೆ, "ಭಾವ ಮುಖ್ಯ ಕಣ್ರೀ, ಹಸು ಯಾವುದಾದ್ರೇನು?" ಎನ್ನುತ್ತಿದ್ದ. ಅವನ ಬಾಯಿಗೆ ಎದುರಾಡುವವರು ಆ ಸುತ್ತಮುತ್ತಲಲ್ಲಿ ಇನ್ನೂ ಹುಟ್ಟಿರಲಿಲ್ಲ.

ಪ್ರತಿ ಸಲವೂ ಅದನ್ನು ಸೆರಗಿನಿಂದ ಒರೆಸಿಡುವ ಕೆಲಸ ತಾಯಿಯದು. ಇಂದು ಬಾಲದ ಹತ್ತಿರ ಅವಳ ಕೈ ನಿಂತಿತು. ಅಲ್ಲಿ ಸುತ್ತಿಕೊಂಡಿದ್ದ ಬಿಳಿ ಗಡ್ಡದ ಉದ್ದನೆಯ ಕೂದಲನ್ನು ಮೆಲ್ಲಗೆ ಬಿಡಿಸಿ ಮಗನಿಗೆ ತೋರಿಸಿದಳು. "ಬಾಲ ನೋಡು, ಸವೆದು ಸವೆದು ದಾರದ ಹಾಗಾಗಿದೆ. ಬಂದವರೆಲ್ಲ ಇದಕ್ಕೇ ಜೋತುಬಿದ್ರೆ ಪಾಪ, ಎಷ್ಟು ಅಂತ ತಾಳುತ್ತೆ? ನಂಗೆ ಮಾತ್ರ ಇದು ಬೇಡಪ್ಪ. ನೀರು ಅಂದ್ರೆ ನಂಗೆಷ್ಟು ಭಯ, ನಿಂಗೊತ್ತಲ್ಲ. ನಂಗೆ ಉಸಿರಾಡೋ ಹಸು ಕೊಡು."

"ಅಯ್ಯೋ, ಕೊಡ್ತೀನಮ್ಮ. ಈಗೇನು ಅವಸರ?"

"ನನ್ನ ತಲೆ ಮೇಲೆ ಕೈಯಿಟ್ಟು ಹೇಳು."

ಕೈಯಿಟ್ಟು ಹೇಳಿದ. ನಾಲ್ಕು ತಿಂಗಳಿಗೆ, ಮಧ್ಯಾಹ್ನ ಊಟ ಮುಗಿಸಿ ಅಡ್ಡಾದವಳು ಮತ್ತೆ ಏಳಲಿಲ್ಲ. ಊರವರ ಸಾವಿಗೆಲ್ಲ ಕಲ್ಲಿನಂತೆ ಕೂತು ಮಂತ್ರ ಹೇಳಿದ್ದವನು ಮಗುವಿನ ಹಾಗೆ ಅತ್ತ. ಅತ್ತಿದ್ದು ಸುಳ್ಳಲ್ಲ.

ಹನ್ನೊಂದನೇ ದಿನಕ್ಕೆ ಕೊಟ್ಟಿಗೆಯವನಿಗೆ ಹಸು ಹೇಳಿಯೂ ಆಗಿತ್ತು. ಬೆಳಿಗ್ಗೆ ಅವನು ಫೋನ್ ಮಾಡಿ, ಗಾಡಿ ಕೆಟ್ಟು ನಿಂತಿದೆ ಸ್ವಾಮಿ, ಹಸು ನಾಳೆ ಬರುತ್ತೆ ಎಂದ. ಬಂದ ನೆಂಟರು ಆಗಲೇ ಗಡಿಯಾರ ನೋಡುತ್ತಿದ್ದರು. ದಾನ ತೆಗೆದುಕೊಳ್ಳಲು ಬಂದಿದ್ದ ಷಡ್ಡಕ, ಅವನೂ ಪುರೋಹಿತನೇ, ಸಂಜೆ ಇನ್ನೊಂದು ಕಡೆ ಹೋಗಬೇಕು ಎಂದು ಕಾಲು ಕುಣಿಸುತ್ತಿದ್ದ.

"ಒಂದು ದಿನ ಕಾದ್ರೆ ಏನಂತೆ ರೀ? ಅತ್ತೆಗೆ ಮಾತು ಕೊಟ್ಟಿದ್ದೀರಿ," ಎಂದಳು ಹೆಂಡತಿ.

"ಭಾವ ಮುಖ್ಯ ಕಣೇ," ಎಂದ. ಸಾವಿರ ಸಲ ಆಡಿದ ಮಾತನ್ನು ಇಂದು ಹೆಂಡತಿಯ ಮುಖ ನೋಡದೆ ಆಡಿದ. ಡಬ್ಬಿ ತೆರೆದ, ಷಡ್ಡಕನ ಅಂಗೈಗೆ ಬೆಳ್ಳಿ ಹಸು ಇಟ್ಟು ನೀರು ಬಿಟ್ಟ. ಊಟವಾದ ಮೇಲೆ ಷಡ್ಡಕ ಅದನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, "ತಗೊಳ್ಳಪ್ಪ ನಿನ್ನ ಹಸು, ನಂಗ್ಯಾಕೆ," ಎಂದು ಮತ್ತೆ ಡಬ್ಬಿಗಿಟ್ಟು ಹೊರಟುಹೋದ.

ಸಂಜೆ ಬಾಗಿಲಲ್ಲಿ ಇನ್ನೂ ಬಿಸಿಲಿತ್ತು. ಮನೆ ಖಾಲಿಯಾದ ಮೇಲೆ ಪುರೋಹಿತ ಡಬ್ಬಿಯ ಮುಂದೆ ಬಂದು ಕೂತ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಅದು ಒದ್ದೆಯಾಗಿರಲಿ ದೇವರೇ ಎಂದು ಬೇಡಿಕೊಂಡು ಮುಚ್ಚಳ ತೆಗೆದ. ಹತ್ತಿ ತೊಯ್ದು ತೊಪ್ಪೆಯಾಗಿತ್ತು. "ದಾಟಿದಳು," ಎಂದು ಉಸಿರುಬಿಟ್ಟ, ಕಣ್ಣು ತುಂಬಿ ಬಂತು. ತಾಯಿಯ ಹಾಗೆಯೇ ಒರೆಸಿಡೋಣವೆಂದು ಹಸುವನ್ನು ಎತ್ತಿ ತಿರುಗಿಸಿದ. ಬಾಲವಿರಲಿಲ್ಲ. ಡಬ್ಬಿಯನ್ನು ಬೋರಲು ಹಾಕಿ, ಹತ್ತಿಯನ್ನೆಲ್ಲ ಹಿಂಜಿ ಹುಡುಕಿದ. ಅಲ್ಲೂ ಇರಲಿಲ್ಲ.

ಅಷ್ಟರಲ್ಲಿ ಹೆಂಡತಿ ತಾಯಿಯ ಕೋಣೆಯಿಂದ ಹೊರಗೆ ಬಂದಳು. "ರೀ, ಅತ್ತೆ ಮಂಚದ ಮೇಲೆ ಅಷ್ಟೊಂದು ನೀರು ಸುರಿದೋರು ಯಾರು? ಹಾಸಿಗೆಯೆಲ್ಲ ಕೆಸರು. ದಿಂಬಿನ ಹತ್ತಿರ ಇದು ಬಿದ್ದಿತ್ತು ನೋಡಿ," ಎಂದು ಮುಷ್ಟಿ ಬಿಚ್ಚಿದಳು. ದಾರದಷ್ಟು ತೆಳ್ಳಗಿನ ಬೆಳ್ಳಿಯ ಬಾಲ, ಯಾರೋ ಜೋತುಬಿದ್ದ ಬಿಗಿಗೆ ಸೊಟ್ಟಗಾಗಿತ್ತು.