ಯಾರೂ ಇಲ್ಲದ ಕೋಣೆ

“ಆ ಕೋಣೆಯಲ್ಲಿ ಯಾರೂ ಇಲ್ಲ ನಿಶಾ, ಅದು ಬರೀ ನನ್ನ ಆಫೀಸು,” ಎಂದು ಕಮಲಾಕ್ಷ ತನ್ನ ಆಡಿಟರಿಗೆ ಫೋನಿನಲ್ಲಿ ಹೇಳುವಾಗ, ಅವನ ಅಕ್ಕ ದಾಕ್ಷಾಯಣಿ ಅದೇ ಕೋಣೆಯ ಬಾಗಿಲಲ್ಲಿ ನಿಂತು ಸೀರೆ ಮಡಚುತ್ತಿದ್ದಳು. “ಹಾಗಾದ್ರೆ ಒಂದು ಫೋಟೋ ಕಳಿಸಿ ಸರ್, ಫೈಲಿಗೆ ಬೇಕು,” ಎಂದಳು ಅವನಂತೆ ಕಾಸರಗೋಡಿನವಳೇ ಆದ ನಿಶಾ. ಈಗಲೇ ಕಳಿಸುತ್ತೇನೆಂದು ಅವನು ಫೋನಿಟ್ಟ.

ಕಮಲಾಕ್ಷ ಊರಿನ ಹಳೆಯ ಕನ್ನಡ ದಸ್ತಾವೇಜುಗಳನ್ನು ಕೊಚ್ಚಿಯ ವಕೀಲರಿಗೆ ಇಂಗ್ಲಿಷಿಗೆ ಅನುವಾದಿಸಿಕೊಟ್ಟು ಬದುಕುತ್ತಿದ್ದ. ಕೊಚ್ಚಿ ಹತ್ತಿರದ ಆಲುವದಲ್ಲಿ ತನ್ನ ಬಾಡಿಗೆ ಫ್ಲ್ಯಾಟಿನ ಒಂದು ಕೋಣೆಯನ್ನು ಕಚೇರಿಯೆಂದು ತೋರಿಸಿ, ಅದರ ಬಾಡಿಗೆಯನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿ ತೆರಿಗೆ ಉಳಿಸುತ್ತಿದ್ದ. ಎರಡು ವರ್ಷದ ಹಿಂದೆ ಅಕ್ಕ ಗಂಡನ ಮನೆ ಬಿಟ್ಟು ಬಂದಾಗ ಮೇಜು ಹಾಲಿಗೆ ಬಂತು. ಕಾಗದದಲ್ಲಿ ಮಾತ್ರ ಕೋಣೆ ಕಚೇರಿಯಾಗಿಯೇ ಉಳಿಯಿತು.

ಫೋನಿನ ಮಾತು ಕೇಳಿಸಿಕೊಂಡ ಅಕ್ಕ ಸೀರೆ ಬದಿಗಿಟ್ಟಳು. ಒಳಗೆ ಹೋಗಿ ಹಾಸಿಗೆ ಸುತ್ತಿದಳು. ಕಿಟಕಿಯಲ್ಲಿದ್ದ ಬಾಚಣಿಗೆ, ಮಾತ್ರೆಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡಳು. ತನ್ನ ಗುರುತು ಒರೆಸಿಹಾಕುವುದು ಅವಳಿಗೆ ಅಭ್ಯಾಸವಾದಂತಿತ್ತು. “ಮೇಜು ಒಬ್ಬನೇ ಎತ್ತಬೇಡ, ನಾನೂ ಹಿಡೀತೇನೆ,” ಎಂದಳು. “ಫೋಟೋ ಆಗುವವರೆಗೆ ಮೆಟ್ಟಿಲ ಹತ್ರ ಕೂತಿರ್ತೇನೆ. ಯಾರಾದ್ರೂ ಬಂದು ಕೇಳಿದ್ರೆ ನೆಂಟರು ಅಂತ ಹೇಳು, ಸಾಕು.”

ಕಮಲಾಕ್ಷನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳ ಕೈಯಿಂದ ಚೀಲ ತೆಗೆದುಕೊಂಡು ಮತ್ತೆ ಕಿಟಕಿಯಲ್ಲಿಟ್ಟ. ಆಮೇಲೆ ಅಲ್ಲೇ ನಿಂತು ನಿಶಾಳಿಗೆ ಫೋನು ಮಾಡಿದ.

“ಆ ಕೋಣೆಯನ್ನು ಲೆಕ್ಕದಿಂದ ತೆಗೆದುಬಿಡಿ. ಅಲ್ಲಿ ನನ್ನ ಅಕ್ಕ ಇರ್ತಾರೆ,” ಎಂದ. “ಹೋದ ವರ್ಷವೂ ಅವರೇ ಇದ್ದದ್ದು.”