ಲಾನ್ಸರೋಟೆಯ ಬಿಸಿ

“ಬಿಸಿ ಅಂದ್ರೆ ಇದು, ಮುರುಗೆಪ್ಪ!” ಎಂದು ಎಂಜಿನಿಯರ್ ಸೋಮನಾಥ ತನ್ನ ಫೋನನ್ನು ವೆಲ್ಡರನ ಮುಖಕ್ಕೆ ಹಿಡಿದನು. ವಿಡಿಯೊದಲ್ಲಿ, ಸ್ಪೇನಿನ ಲಾನ್ಸರೋಟೆ ದ್ವೀಪದ ಜ್ವಾಲಾಮುಖಿ ಉದ್ಯಾನದಲ್ಲಿ ಮಾರ್ಗದರ್ಶಿ ನೆಲದಿಂದ ತೆಗೆದುಕೊಟ್ಟ ಬಿಸಿ ಕಲ್ಲುಹರಳುಗಳನ್ನು ಸೋಮನಾಥ ಕೈಯಿಂದ ಕೈಗೆ ಹಾರಿಸುತ್ತ ಚೀರುತ್ತಿದ್ದನು. ಸುತ್ತಲಿನ ಪ್ರವಾಸಿಗರು ಚಪ್ಪಾಳೆ ತಟ್ಟುತ್ತಿದ್ದರು. ಹನ್ನೊಂದು ಸೆಕೆಂಡಿನ ಈ ಶೌರ್ಯವನ್ನು ಅವನು ಆ ವಾರ ಒಂಬತ್ತನೆಯ ಸಲ ತೋರಿಸುತ್ತಿದ್ದನು. “ನಿಮ್ದೇನ್ ಮಹಾ ಬಿಸಿ? ಯಲ್ಲಾ, ನಡೀರಿ ಬೇಗ, ಪ್ಲೇಟ್ ಹತ್ತಿ.”

ಕತಾರಿನ ಅಲ್ ವಕ್ರಾದ ಆ ಅಂಗಳದಲ್ಲಿ ಉಕ್ಕಿನ ಪ್ಲೇಟು ಬೆಳಗಿನಿಂದ ಬಿಸಿಲಿಗೆ ಕಾದಿತ್ತು. ಅದರ ಮೇಲೆ ಮಲಗಿ ವೆಲ್ಡಿಂಗ್ ಮಾಡಬೇಕಾದವರು ಆರು ಜನ. ಹಿಂದಿನ ದಿನ ಒಬ್ಬನ ಮೊಣಕೈಯಲ್ಲಿ ಬೊಬ್ಬೆ ಎದ್ದಿತ್ತು. ನೆರಳು ಕಟ್ಟುವ ತನಕ ಹತ್ತುವುದಿಲ್ಲವೆಂದು ಅವರು ನಿಂತಿದ್ದರು.

ಮುರುಗೆಪ್ಪ ವಿಡಿಯೊವನ್ನು ಕೊನೆಯವರೆಗೆ ನೋಡಿದನು. “ವಿಮಾನ ಹತ್ತಿ ಅಷ್ಟ್ ದೂರ ಯಾಕ ಹೋದ್ರಿ ಸರ? ಇಲ್ಲೇ ಕೈ ಇಡ್ರಿ. ನಾ ಹತ್ತರ ತನಕ ಎಣಸ್ತೀನಿ. ನೀವು ತಡಕೊಂಡ್ರ ನಾವು ಈಗ ಹತ್ತತೀವಿ.”

ಆರು ಜನರೂ ನೋಡುತ್ತಿದ್ದುದರಿಂದ ಸೋಮನಾಥ ನಕ್ಕು, ಅಂಗೈಯನ್ನು ಪ್ಲೇಟಿನ ಮೇಲೆ ಒತ್ತಿದನು.

“ಒಂದು,” ಎಂದನು ಮುರುಗೆಪ್ಪ. “ಎರಡು.”

ಸೋಮನಾಥ ಚೀರಿ ಕೈ ಕಿತ್ತುಕೊಂಡನು.

“ಎಲ್ಲಾರೂ ಚಪ್ಪಾಳಿ ಹೊಡೀರಪ್ಪ,” ಎಂದು ಮುರುಗೆಪ್ಪ ತನ್ನ ಕೈಗವಸು ಕಳಚಿದನು. ಉಳಿದ ಐವರೂ ಕಳಚಿದರು.