ವಾರ್ಡಿನ ಗೆರೆ

ಪಕ್ಷ ಅಧಿಕಾರಕ್ಕೆ ಬಂದದ್ದೇ ತಡ, ನಾಯಕರು ನಡುಮನೆಯಲ್ಲಿ ನಕ್ಷೆ ಹರಡಿಕೊಂಡು ವಾರ್ಡಿನ ಗಡಿಯನ್ನು ಹೊಸದಾಗಿ ಬರೆಸಲು ಕೂತರು.

"ಕೆರೆಬೀದಿಯವರು ನೀರಿಲ್ಲ ಅಂತ ಕೊಡ ಹಿಡ್ಕೊಂಡು ಗಲಾಟೆ ಮಾಡಿದ್ರು, ಸಾರ್," ಎಂದ ಅಧಿಕಾರಿ.

"ಪಕ್ಕದ ವಾರ್ಡಿಗೆ ತಳ್ಳಯ್ಯ."

"ಕೋಟೆ ಓಣಿಯವರೂ ನೀರು ಕೇಳ್ತಿದಾರೆ."

"ಅವರನ್ನೂ ತಳ್ಳು. ಕೇಳೋರೆಲ್ಲ ಆಚೆ ಹೋದ್ರೆ ಉಳಿಯೋ ಓಟೆಲ್ಲ ನಮ್ದೇ."

ಕಾಫಿ ತಂದ ಹೆಂಡತಿಗೆ ಸೋಜಿಗವಾಯಿತು. ಅಜ್ಜಿಯ ಕಥೆಗಳ ಕೆಟ್ಟ ರಾಜರೂ ರಾಜ್ಯವನ್ನು ಹಿಗ್ಗಿಸುತ್ತಿದ್ದರು; ಇವರು ಕುಗ್ಗಿಸುತ್ತಿದ್ದಾರಲ್ಲ!

"ಅಲ್ಲಾ ರೀ, ನಮ್ಮ ನಲ್ಲೀಲೂ ನೀರು ಬಂದು ವಾರ ಆಯ್ತು. ಈ ಕಾಫೀನೂ ಟ್ಯಾಂಕರ್ ನೀರಿಂದು. ನಾನು ಯಾರನ್ನ ಕೇಳ್ಲಿ?"

ನಾಯಕರು ಅವಳನ್ನೊಮ್ಮೆ ದಿಟ್ಟಿಸಿ, ಅಧಿಕಾರಿಯತ್ತ ಬಾಗಿದರು.

"ಗೆರೇನ ಇನ್ನೂ ಸ್ವಲ್ಪ ಒಳಗೆ ತಗೊಳಯ್ಯ. ಅಡುಗೆಮನೆ ಹೊಸ್ತಿಲಿಂದ ಈಚೆ ಬರ್ಲಿ."